ಮಿಲ್ಲಿನ ತೌಡನ್ನು ಊಟಕ್ಕೆ ಹದ ಮಾಡುವುದು ಹೇಗೆ

ಹೇಮಾವತಿ ನಾಲೆಯ ಬಯಲಿರಲಿ, ಕೊಪ್ಪ-ಶೃಂಗೇರಿ ಕಡೆಯ ಗದ್ದೆಯಿರಲಿ, ಭತ್ತ ಮಿಲ್ ಮಾಡಿಸಿದ ದಿನ ಅಕ್ಕಿ ಡ್ರಮ್ಮಿಗೆ ಹೋಗುತ್ತದೆ, ನುಚ್ಚು ಕೋಳಿಗೆ, ತೌಡು ಕಲಗಚ್ಚಿನ ಬಕೆಟ್ಟಿಗೆ. ಕಾಳಿನ ಎಣ್ಣೆ, ನಾರು, ಬಿ ವಿಟಮಿನ್‌ಗಳ ಬಹುಪಾಲು ಇರುವುದು ಆ ಬಕೆಟ್ಟಿನಲ್ಲೇ. ಬರೀ ಪಾಲಿಶ್ ಅಕ್ಕಿ ತಿಂದು ಕಾಲು ಸೋತ ಕೋಳಿಗಳು ತೌಡಿರುವ ಅಕ್ಕಿ ತಿಂದು ಚೇತರಿಸಿಕೊಂಡದ್ದನ್ನು ಜಾವಾದಲ್ಲಿ ಗಮನಿಸಿದ ಡಚ್ ವೈದ್ಯ ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ತೌಡಿನಲ್ಲಿ ಉತ್ಕರ್ಷಣವನ್ನು (ಆಮ್ಲಜನಕ ಸೇರಿ ಕೊಬ್ಬು ಕೆಡುವುದನ್ನು) ತಡೆಯುವ ಗ್ಯಾಮಾ ಒರೈಜನಾಲ್, ಫೆರುಲಿಕ್ ಆಮ್ಲ, ವಿಟಮಿನ್ ಇ ಬಳಗದ ಟೋಕೋಟ್ರೈಎನಾಲ್‌ಗಳಿವೆ. ಮದ್ಯ, ಅತಿಯಾದ ಪ್ಯಾರಾಸಿಟಮಾಲ್‌ನಂಥವನ್ನು ಪಿತ್ತಜನಕಾಂಗ ಅರಗಿಸುವಾಗ ಅಲ್ಲಿನ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಖರ್ಚಾಗಿ ಜೀವಕೋಶದ ಕೊಬ್ಬು ಉತ್ಕರ್ಷಣಗೊಳ್ಳುತ್ತದೆ. ಇಂಥ ವಿಷ ಕೊಟ್ಟ ಇಲಿಗಳಿಗೆ ತೌಡಿನ ಸಾರ ಉಣಿಸಿದಾಗ ಈ ಹಾನಿ ತಗ್ಗಿದ್ದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಗಟ್ಟಿಯಾಗಿ ಗೊತ್ತಿರುವುದು ತೌಡಿನೆಣ್ಣೆ ಕೆಟ್ಟ ಕೊಲೆಸ್ಟರಾಲ್ ಇಳಿಸುತ್ತದೆ ಎಂಬಷ್ಟೇ. ಹಾಗಾಗಿ ಇದನ್ನು ಊಟದ ಭಾಗವಾಗಿ ತಿನ್ನಿ. ಲಿವರ್ ತೊಂದರೆಗೆ ಔಷಧಿ ನಿಲ್ಲಿಸಿ ತೌಡು ಹಿಡಿಯಬೇಡಿ.

ಎಲ್ಲಕ್ಕಿಂತ ಮುಖ್ಯ, ಯಾವ ಮಿಲ್ಲಿನ ತೌಡು ಎಂಬುದು. ಹಳೆಯ ಹಲ್ಲರ್ ಮಿಲ್ಲಿನಲ್ಲಿ ಹೊಟ್ಟು, ತೌಡು ಎರಡೂ ಒಟ್ಟಿಗೇ ಪುಡಿಯಾಗಿ ಬೀಳುತ್ತವೆ. ಹೊಟ್ಟಿನಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಅದು ಮನುಷ್ಯರು ತಿನ್ನುವಂಥದ್ದಲ್ಲ. ರಬ್ಬರ್ ರೋಲರ್‌ನಲ್ಲಿ ಮೊದಲು ಹೊಟ್ಟು ಬಿಡಿಸಿ, ಆಮೇಲೆ ಪಾಲಿಶ್ ಮಾಡುವ ಮಿಲ್ಲಿನ ತೌಡೇ ಬೇಕು. ಚಿಟಿಕೆ ತೌಡನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ: ಒಳ್ಳೆಯದಾದರೆ ಮೆತ್ತಗೆ, ತುಸು ಜಿಡ್ಡಾಗಿ ಅಂಟುತ್ತದೆ, ಹೊಟ್ಟು ಬೆರೆತಿದ್ದರೆ ಚುಚ್ಚುತ್ತದೆ. ಮುಗ್ಗಲು ಹಿಡಿದ ಭತ್ತದ್ದನ್ನು ಮುಟ್ಟಲೇಬೇಡಿ, ಬೂಷ್ಟಿನ ವಿಷ ಮೊದಲು ಸೇರುವುದು ಕಾಳಿನ ಈ ಹೊರಪದರಕ್ಕೇ. ನೆಲದ ಮೇಲೆ ಬಿದ್ದ ರಾಶಿಯಿಂದ ಬಾಚಿಕೊಳ್ಳದೆ, ಪಾಲಿಶರ್ ಬಾಯಿಗೇ ತೊಳೆದೊಣಗಿಸಿದ ಬಟ್ಟೆ ಚೀಲ ಹಿಡಿಯಿರಿ.

ಇನ್ನು ಗಡಿಯಾರ ನೋಡಿಕೊಂಡು ಕೆಲಸ ಮಾಡಬೇಕು. ಇಡೀ ಕಾಳಿನಲ್ಲಿ ಎಣ್ಣೆ ಮತ್ತು ಅದನ್ನು ಒಡೆಯುವ ಲೈಪೇಸ್ ಕಿಣ್ವ ಬೇರೆ ಬೇರೆ ಕಡೆ ಇರುತ್ತವೆ. ಪಾಲಿಶ್ ಕಲ್ಲಿಗೆ ಸಿಕ್ಕ ಕ್ಷಣ ಎರಡೂ ಕೂಡಿಕೊಳ್ಳುತ್ತವೆ, ಒಂದೆರಡು ದಿನದಲ್ಲೇ ತೌಡು ಕಮಟುತ್ತದೆ. ಕಮಟು ಹಿಡಿದದ್ದೆಂದರೆ ಆಗಲೇ ಉತ್ಕರ್ಷಣಗೊಂಡ ಕೊಬ್ಬು. ಯಾವ ಹಾನಿ ತಡೆಯಲೆಂದು ತಿನ್ನಹೊರಟೆವೋ ಅದನ್ನೇ ಚಮಚದಲ್ಲಿ ಬಡಿಸಿಕೊಂಡಂತೆ. ಮಿಲ್ಲಿನಿಂದ ಬಂದ ದಿನವೇ, ಸಾಧ್ಯವಾದರೆ ಮೂರ್ನಾಲ್ಕು ಗಂಟೆಯೊಳಗೇ ಬಿಸಿ ಮಾಡಿ ಮುಗಿಸಿ.

ಮೊದಲು ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿ ನುಚ್ಚು, ಹೊಟ್ಟಿನ ಚೂರು ತೆಗೆಯಿರಿ. ಒಮ್ಮೆಗೆ ಅರ್ಧ ಕೆಜಿ ಸಾಕು. ಬರೀ ಹುರಿಯುವುದಕ್ಕಿಂತ ಹಬೆ ಕಿಣ್ವವನ್ನು ಚೆನ್ನಾಗಿ ಕೊಲ್ಲುತ್ತದೆ. ಇಡ್ಲಿ ಪಾತ್ರೆಯಲ್ಲಿ ತೆಳು ಬಟ್ಟೆ ಹಾಸಿ, ತೌಡನ್ನು ಎರಡು ಬೆರಳು ದಪ್ಪ ಹರಡಿ, ನೀರು ಕುದಿ ಬಂದ ಮೇಲೆ 15ರಿಂದ 20 ನಿಮಿಷ ಬೇಯಿಸಿ. ಮುಚ್ಚಳದ ನೀರು ತೊಟ್ಟಿಕ್ಕಿದ ಕಡೆ ಗಂಟು ಕಟ್ಟುತ್ತದೆ, ಮೇಲೊಂದು ಬಟ್ಟೆ ಮುಚ್ಚಿದರೆ ಗಂಟಾಗದು. ತೆಗೆದು ಉದುರಿಸಿಕೊಂಡು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಹತ್ತು ಹದಿನೈದು ನಿಮಿಷಕ್ಕೆ ಹಬೆ ನಿಂತು, ಹುರಿದ ಕಡಲೆಕಾಯಿಯ ವಾಸನೆ ಬರುತ್ತದೆ, ಕೆನೆ ಬಣ್ಣ ತಿಳಿಗಂದಾಗುತ್ತದೆ. ಅಲ್ಲಿಗೆ ಇಳಿಸಿ. ಕಪ್ಪಗಾದರೆ ಕಹಿ, ವಿಟಮಿನ್ನೂ ಹೋಗುತ್ತದೆ. ಕುಸುಬಲಕ್ಕಿಯ ತೌಡಿನಲ್ಲಿ ಭತ್ತ ಬೇಯಿಸುವಾಗಲೇ ಕಿಣ್ವ ಸತ್ತಿರುತ್ತದೆ, ಅದಕ್ಕೆ ಹುರಿಯುವುದಷ್ಟೇ ಸಾಕು.

ಪೂರ್ತಿ ಆರುವ ತನಕ ತಟ್ಟೆಯಲ್ಲಿ ಹರಡಿಡಿ. ಬೆಚ್ಚಗಿರುವಾಗಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳು ಬಳಸಬಹುದು. ಸಕಲೇಶಪುರ, ಮೂಡಿಗೆರೆಯ ಜಡಿಮಳೆಯಲ್ಲಿ ಹೊರಗಿಟ್ಟರೆ ವಾರಕ್ಕಿಂತ ಹೆಚ್ಚು ನಂಬಬೇಡಿ. ಪ್ರತಿ ಸಲ ಚಿಟಿಕೆ ನಾಲಿಗೆಗಿಡಿ. ಸೋಪಿನ ರುಚಿ, ಕಹಿ, ಗಂಟಲು ಕೆರೆತ, ಇವುಗಳಲ್ಲಿ ಒಂದಿದ್ದರೂ ಗೊಬ್ಬರದ ಗುಂಡಿಗೆ ಹಾಕಿ. ದನಕ್ಕೂ ಬೇಡ.

ಮೊದಲ ವಾರ ದಿನಕ್ಕೆ ಒಂದು ಟೀ ಚಮಚ. ಹೊಟ್ಟೆ ಒಗ್ಗಿದ ಮೇಲೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ. ಎರಡಕ್ಕಿಂತ ಹೆಚ್ಚು ಬೇಡ. ನೀರು ಚೆನ್ನಾಗಿ ಕುಡಿಯದಿದ್ದರೆ ಇಷ್ಟು ನಾರು ಮಲಬದ್ಧತೆ ತರುತ್ತದೆ. ಅಕ್ಕಿ ರೊಟ್ಟಿಗೆ ಒಂದು ಲೋಟ ಹಿಟ್ಟಿಗೆ ಎರಡು ದೊಡ್ಡ ಚಮಚದಷ್ಟು ಬೆರೆಸಿ, ಬಿಸಿನೀರು ತುಸು ಹೆಚ್ಚು ಹಿಡಿಯುತ್ತದೆ. ಕಡಿಮೆಯಾದರೆ ತಟ್ಟುವಾಗ ಅಂಚು ಬಿರಿಯುತ್ತದೆ. ದೋಸೆ ಹಿಟ್ಟಿಗೆ ರುಬ್ಬುವಾಗಲೇ ಸೇರಿಸುವುದು ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ಹುಳಿ ಬರುವಾಗ, ಕಬ್ಬಿಣ-ಸತುವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಮಜ್ಜಿಗೆಗೆ ಕದಡಿ ಕುಡಿದರೂ ಸರಿ.

ಕಿಡ್ನಿ ಕಾಯಿಲೆ ಇರುವವರು ಇದನ್ನು ತಿನ್ನಬಾರದು. 100 ಗ್ರಾಂ ತೌಡಿನಲ್ಲಿ ಸುಮಾರು 1,600 ಮಿ.ಗ್ರಾಂ ರಂಜಕ, ಹತ್ತಿರಹತ್ತಿರ ಅಷ್ಟೇ ಪೊಟ್ಯಾಸಿಯಂ ಇದೆ. ದುರ್ಬಲ ಮೂತ್ರಪಿಂಡ ಅದನ್ನು ಹೊರಹಾಕಲಾರದು. ಭತ್ತ ನೀರು-ಮಣ್ಣಿನಿಂದ ಹೀರುವ ಆರ್ಸೆನಿಕ್ ಸಹ ತೌಡಿನಲ್ಲೇ ಹೆಚ್ಚು ಕೂಡಿಕೊಳ್ಳುವುದರಿಂದ ಎಳೆ ಮಕ್ಕಳ ಸರಿಗೆ, ಗಂಜಿಗೆ ಬೆರೆಸಬೇಡಿ. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ನುಂಗುವವರು ಎಷ್ಟು ಹೊತ್ತು ಅಂತರ ಬಿಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಿ.

ಅರಸೀಕೆರೆ, ಕಡೂರಿನ ರಾಗಿ ಸೀಮೆಯಲ್ಲಿ ಇಷ್ಟೆಲ್ಲ ಮಾಡುವ ಕೆಲಸವೇ ಇಲ್ಲ. ರಾಗಿಯಲ್ಲಿ ಉತ್ಕರ್ಷಣ ತಡೆಯುವ ಪಾಲಿಫಿನಾಲ್‌ಗಳು ಹೆಚ್ಚಾಗಿ ಇರುವುದು ಅದರ ಕೆಂಪು ಸಿಪ್ಪೆಯಲ್ಲಿ. ಗಿರಣಿಯಿಂದ ಬಂದ ಹಿಟ್ಟನ್ನು ಮುದ್ದೆ ಬೆಳ್ಳಗಾಗಲೆಂದು ಜಾಲಿಸದೆ, ಹಾಗೇ ಎಸರಿಗೆ ಹಾಕಿ ತೊಳಸಿ.