ಬಳ್ಳಾರಿಗೆ ಹೊಸಬರು, ಸೈಕಲ್ ಗುಂಪಿಗೂ ಹೊಸಬರು: ಮೊದಲ ಕೆಲವು ಭಾನುವಾರ

ಬ್ಯಾಂಕು, ರೈಲ್ವೆ, ಕಾರ್ಖಾನೆ ಅಂತ ವರ್ಗವಾಗಿ ಬಳ್ಳಾರಿಗೆ ಬಂದವರಿಗೆ ಇಲ್ಲಿನ ಸೈಕಲ್ ಗುಂಪಿನ ವಾಟ್ಸಾಪ್‌ಗೆ ಸೇರಲು ಎರಡು ನಿಮಿಷ ಸಾಕು. ಗುಂಪಿನವರೇ ಆಗಲು ನಾಲ್ಕೈದು ಭಾನುವಾರ ಹಿಡಿಯುತ್ತದೆ. ನಿಮ್ಮ ಹಿಂದಿನ ಚಕ್ರವನ್ನು ನಂಬಿ ಇನ್ನೊಬ್ಬರು ಸೈಕಲ್ ಹೊಡೆಯುವಂತಾದರೆ ಆ ಕೆಲಸ ಮುಗಿದ ಹಾಗೆ.

ಗುಂಪು ಯಾವುದಿದೆ, ಎಲ್ಲಿ ಸೇರುತ್ತದೆ ಎಂಬುದನ್ನು ಗೇರ್ ಸೈಕಲ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೇಳಿ. ಮೆಕ್ಯಾನಿಕ್‌ಗೆ ಎಲ್ಲರೂ ಗೊತ್ತಿರುತ್ತಾರೆ. ಹೋಗುವ ಮೊದಲು ಮೂರು ವಿಷಯ ತಿಳಿದುಕೊಳ್ಳಿ: ಎಷ್ಟು ಕಿಲೋಮೀಟರ್, ಸರಾಸರಿ ವೇಗ ಎಷ್ಟು, ಹಿಂದೆ ಬಿದ್ದವರಿಗೆ ಕಾಯುತ್ತಾರೋ ಇಲ್ಲವೋ. ಒಬ್ಬರೇ 30 ಕಿ.ಮೀ.ಯನ್ನು ಗಂಟೆಗೆ 20ರ ಸರಾಸರಿಯಲ್ಲಿ ಮುಗಿಸಬಲ್ಲಿರಾದರೆ, ಕಾಯುವ ಗುಂಪಿನಲ್ಲಿ 50 ಕಿ.ಮೀ. ಧಾರಾಳವಾಗಿ ಹೋಗಬಹುದು. 28ರ ಮೇಲೆ ಹೋಗುವ ಗುಂಪಿಗೆ ಮೊದಲ ದಿನವೇ ಹೋಗಬೇಡಿ.

ಹೆಲ್ಮೆಟ್, ಹಿಂದೆ ಕೆಂಪು ದೀಪ, 750 ಮಿ.ಲೀ.ಯ ಎರಡು ಬಾಟಲಿ ಬೇಕೇ ಬೇಕು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಊರು ಇದು. ಬೆಳಗಿನ ಐದೂವರೆಗೆ ಹೊರಟು ಎಂಟೂವರೆಯೊಳಗೆ ಮನೆ ಸೇರಬೇಕು, ಗಂಟೆಗೆ ಮುಕ್ಕಾಲು ಲೀಟರ್ ನೀರು ಲೆಕ್ಕ ಹಾಕಬೇಕು. ನಿಮ್ಮ ಟ್ಯೂಬಿನದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಲಿ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ.

ಪಂಕ್ಚರ್ ಅಂತೂ ಆಗಿಯೇ ಆಗುತ್ತದೆ. ಬಳ್ಳಾರಿ ಜಾಲಿ ಎಂದು ಮರಕ್ಕೇ ಈ ಊರಿನ ಹೆಸರಿದೆ, ಅದರ ಮುಳ್ಳು ರಸ್ತೆಯಂಚಿನ ಮಣ್ಣಲ್ಲೆಲ್ಲ ಬಿದ್ದಿರುತ್ತದೆ. ನಿಂತಾಗ ಸೈಕಲ್ ಅನ್ನು ಪಕ್ಕದ ಮಣ್ಣಿಗೆ ತಳ್ಳಬೇಡಿ, ಎತ್ತಿಕೊಂಡು ಹೋಗಿ. ಹೊಸಬರು ತಪ್ಪುವುದು ಟ್ಯೂಬ್ ಬದಲಿಸುವಾಗ: ಮುಳ್ಳಿನ ತುದಿ ಮುರಿದು ಟೈರಿನೊಳಗೇ ಉಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ, ಹೊಸ ಟ್ಯೂಬೂ ಹತ್ತು ನಿಮಿಷಕ್ಕೆ ಕೂತುಬಿಡುತ್ತದೆ. ಟೈರಿನ ಒಳಮೈಗೆ ಹತ್ತಿ ಬಟ್ಟೆ ಆಡಿಸಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಚಿಮಟದಿಂದ ಕಿತ್ತು, ಮತ್ತೊಮ್ಮೆ ಬಟ್ಟೆ ಆಡಿಸಿ, ಆಮೇಲೆ ಟ್ಯೂಬ್ ಹಾಕಿ. ಎರಡು ಟ್ಯೂಬ್, ಟೈರ್ ಬಿಡಿಸುವ ಎರಡು ಲಿವರ್, ಪ್ಯಾಚ್, ಸಣ್ಣ ಪಂಪು ನಿಮ್ಮವೇ ಇರಲಿ. ಮೊದಲ ದಿನವೇ ಇನ್ನೊಬ್ಬರ ಟ್ಯೂಬಿಗೆ ಕೈ ಚಾಚುವುದು ಚೆನ್ನಾಗಿರುವುದಿಲ್ಲ.

ಮೊದಲ ಭಾನುವಾರ ಗುಂಪಿನ ಹಿಂಭಾಗದಲ್ಲಿರಿ, ಆದರೆ ಕಟ್ಟಕಡೆಗೆ ಬೇಡ. ಆ ಜಾಗ ಎಲ್ಲರನ್ನೂ ಕಾಯ್ದುಕೊಂಡು ಬರುವ ಅನುಭವಿಯದು. ಮುಂದಿನವರ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಒಂದೂವರೆ ಮೀಟರ್ ಬಿಡಿ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಎಂದೂ ಹೋಗಬಾರದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೂ ಚಕ್ರಕ್ಕೆ ಚಕ್ರ ತಾಗುತ್ತದೆ, ಬೀಳುವವರು ಹಿಂದಿನವರೇ. ಪೆಡಲ್ ಮೇಲೆ ಎದ್ದು ನಿಂತ ಕ್ಷಣದಲ್ಲಿ ಸೈಕಲ್ ತುಸು ಹಿಂದೆ ಜಗ್ಗುತ್ತದೆ, ಆದ್ದರಿಂದ ಏಳುವ ಮುಂಚೆ ಒಂದು ಮಾತು ಹೇಳಿ. ಮುಂದಾಳಾಗುವ ಸರದಿ ಬಂದರೆ ವೇಗ ಏರಿಸಬೇಡಿ. ಅದೇ ವೇಗದಲ್ಲಿ ಎರಡು ನಿಮಿಷ ಮುಂದೆ ಸಾಗಿ ಪಕ್ಕಕ್ಕೆ ಸರಿಯಿರಿ. ಶಕ್ತಿ ತೋರಿಸುವ ಹೊಸಬರಿಂದ ಗುಂಪು ಒಡೆಯುತ್ತದೆ, ಲಾರಿ ಓಡಾಡುವ ರಸ್ತೆಯಲ್ಲಿ ಒಡೆದ ಗುಂಪು ಅಪಾಯ.

ಗುಂಡಿಯಂಥದ್ದು ಕಂಡಾಗ ಮುಂದಿನವರು ಹಾಕುವ ಎಚ್ಚರಿಕೆಯ ಕೂಗುಗಳನ್ನು ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು, ಅದುವರೆಗೆ ತೆಲುಗರೂ ಇದ್ದ ಮದ್ರಾಸ್ ರಾಜ್ಯದಲ್ಲಿತ್ತು. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಒಂದೇ ಉಸಿರಲ್ಲಿ ಬರುತ್ತವೆ. ಒಬ್ಬರು ‘ಗುಂಡಿ’ ಎಂದರೆ ಇನ್ನೊಬ್ಬರು ‘ಗುಂತ’ ಅನ್ನಬಹುದು, ಮತ್ತೊಬ್ಬರು ‘ಗಡ್ಡಾ’. ಮೂರಕ್ಕೂ ನಿಮ್ಮ ಕೈ ಬ್ರೇಕಿನ ಮೇಲೆ ಇರಬೇಕು. ಕೇಳಿದ ಕೂಗನ್ನು ನಿಮ್ಮ ಭಾಷೆಯಲ್ಲೇ ಆಗಲಿ, ಹಿಂದಿನವರಿಗೆ ದಾಟಿಸಿ. ಮಾತಾಡಿಸುವಾಗ ಸರ್ ಅನ್ನುವುದಕ್ಕಿಂತ ಅಣ್ಣಾ, ಅಕ್ಕಾ ಅಂದರೆ ಬೇಗ ಹತ್ತಿರವಾಗುತ್ತೀರಿ.

ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ಪಡುವಣದಲ್ಲಿರುವ ತೋರಣಗಲ್ಲಿನ ಕಡೆಗೆ ಹೋಗುವಾಗ ಎದುರುಗಾಳಿ, ಬರುವಾಗ ಅದೇ ತಳ್ಳುತ್ತದೆ. ಮೂಡಣಕ್ಕೆ ಹೊರಟರೆ ಇದರ ತಿರುವುಮುರುವು, ಹೋಗುವಾಗಿನ ಸುಖಕ್ಕೆ ಮರುಳಾಗಿ ಕಾಲಿನ ಕಸುವು ಮುಗಿಸಿಕೊಳ್ಳಬೇಡಿ. ಸಿರುಗುಪ್ಪದ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಭತ್ತ ಹರಡಿರುತ್ತಾರೆ: ಕಾಳಿನ ಮೇಲೆ ಚಕ್ರ ಜಾರುತ್ತದೆ, ಬ್ರೇಕ್ ಹಿಡಿಯದೆ ನೇರ ದಾಟಿ, ಸಾಧ್ಯವಾದರೆ ಇಳಿದು ಬದಿಯಿಂದ ಹೋಗಿ, ಅದು ಒಬ್ಬರ ವರ್ಷದ ದುಡಿಮೆ. ಮಳೆ ಬಿದ್ದ ಮೇಲೆ ಎರೆಹೊಲದ ದಾರಿಗೆ ಇಳಿಯಲೇಬಾರದು. ಮಣ್ಣು ಟೈರಿಗೂ ಬ್ರೇಕಿಗೂ ನಡುವೆ ಮೆತ್ತಿಕೊಂಡು ಐವತ್ತು ಹೆಜ್ಜೆಗೆ ಚಕ್ರ ನಿಲ್ಲುತ್ತದೆ.

ಸವಾರಿ ಮುಗಿದೊಡನೆ ಮನೆಗೆ ಓಡಬೇಡಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾದ ಆ ಅರ್ಧ ಗಂಟೆಯಲ್ಲೇ ಮುಂದಿನ ವಾರದ ದಾರಿ ಗೊತ್ತಾಗುವುದು, ನಿಮ್ಮ ಸೀಟು ಎತ್ತರವಾಯಿತೆಂದು ಯಾರೋ ಅಲೆನ್ ಕೀ ತೆಗೆಯುವುದು. ಮೊದಲ ಸಲ ನಿಮ್ಮ ಬಿಲ್ ಅವರೇ ಕೊಟ್ಟರೆ ಜಗಳವಾಡಬೇಡಿ, ಮುಂದಿನ ಭಾನುವಾರ ನೀವು ಕೊಡಿ. ಬರಲಾಗದಿದ್ದರೆ ಹಿಂದಿನ ರಾತ್ರಿಯೇ ತಿಳಿಸಿ. ಬೆಳಗಿನ ಕತ್ತಲಲ್ಲಿ ಹತ್ತು ಜನ ನಿಮಗಾಗಿ ಕಾಯುತ್ತ ನಿಂತಿರುತ್ತಾರೆ.