ಒಂದೇ ಲ್ಯಾಪ್‌ಟಾಪಿನಲ್ಲಿ ಐದು ಎಬಿಐ: ಮ್ಯಾಂಗ್ಲಿಂಗ್ ಪರೀಕ್ಷೆ, ನನ್ನ ಅನುಭವ

ಸಿ ಪ್ಲಸ್ ಪ್ಲಸ್ ಮ್ಯಾಂಗ್ಲಿಂಗ್ (ಫಂಕ್ಷನ್ನಿನ ಹೆಸರಿಗೆ ಟೈಪುಗಳ ಸಂಕೇತ ಸೇರಿಸಿ ಕಂಪೈಲರ್ ಹೊಸ ಹೆಸರು ಕಟ್ಟುವುದು) ಪರೀಕ್ಷೆಗೆ ವಿಂಡೋಸ್ ಮೆಷಿನ್ನು, ಮ್ಯಾಕ್ ಎರಡೂ ಇರಲೇಬೇಕು ಎಂದವರೇ ಹೆಚ್ಚು. ಬೇಕಿಲ್ಲ. ಲಿನಕ್ಸಿನ ಒಂದೇ ಕ್ಲ್ಯಾಂಗ್ ಕಂಪೈಲರಿನಲ್ಲಿ ಟಾರ್ಗೆಟ್ (ಯಾವ ವ್ಯವಸ್ಥೆಗೆ ಕೋಡ್ ಎಂಬುದು) ಬದಲಿಸಿ ಐದು ಎಬಿಐಗಳನ್ನೂ (ಕಂಪೈಲ್ ಆದ ತುಣುಕುಗಳು ಒಂದಕ್ಕೊಂದು ಹೊಂದಲು ಇರುವ ನಿಯಮಗಳು) ಓಡಿಸುತ್ತಿದ್ದೇನೆ: ಲಿನಕ್ಸ್ 64, ಲಿನಕ್ಸ್ 32, ಮಿನ್‌ಜಿಡಬ್ಲ್ಯು 64 (ವಿಂಡೋಸಿನಲ್ಲಿ ಜಿಸಿಸಿ ಕಂಪೈಲರಿನ ಪದ್ಧತಿ), ಎಂಎಸ್‌ವಿಸಿ 64 (ಮೈಕ್ರೋಸಾಫ್ಟ್ ಕಂಪೈಲರಿನ ಪದ್ಧತಿ), ಮ್ಯಾಕ್. ಸುಮಾರು 180 ಸಿಗ್ನೇಚರ್ (ಫಂಕ್ಷನ್ನಿನ ಹೆಸರು ಮತ್ತು ಟೈಪುಗಳು), ಅರ್ಧ ನಿಮಿಷದ ಕೆಲಸ. ಬಾಡಿಗೆ ವಿಂಡೋಸ್ ಸರ್ವರಿಗೆ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ ಹೋಗುತ್ತಿತ್ತು. ಈಗ ರಿಲೀಸಿಗೊಮ್ಮೆ ಅಸಲಿ ಎಂಎಸ್‌ವಿಸಿ ಜೊತೆ ತಾಳೆ ನೋಡಲು ಎರಡು ತಾಸಿನ ಬಾಡಿಗೆ ಸಾಕು.

ಯಾವ ಹೆಡರನ್ನೂ ಇನ್‌ಕ್ಲೂಡ್ ಮಾಡಬೇಡಿ. ಮಾಡಿದರೆ ಪ್ರತಿ ಟಾರ್ಗೆಟ್ಟಿನ ಎಸ್‌ಡಿಕೆ (ಆ ವ್ಯವಸ್ಥೆಯ ಹೆಡರ್, ಲೈಬ್ರರಿಗಳ ಕಟ್ಟು) ಕೇಳಬಹುದು. ಸೈಜ್-ಟಿ (ಗಾತ್ರ ಹೇಳುವ ಟೈಪ್) ಬೇಕಿದ್ದರೆ ಸೈಜಾಫ್ ಮೇಲೆ, ಅದರ ಟೈಪನ್ನೇ ಕೊಡುವ ಡಿಕ್ಲ್‌ಟೈಪ್ ಹಾಕಿ. ಪ್ರತಿ ಫಂಕ್ಷನ್ನಿಗೆ ಖಾಲಿಯಾದರೂ ಬಾಡಿ ಇರಲಿ, ಇನ್‌ಲೈನ್ ಬೇಡ. ಇಲ್ಲದಿದ್ದರೆ ಸಿಂಬಲ್ (ಆಬ್ಜೆಕ್ಟ್ ಫೈಲಿನಲ್ಲಿ ಕೂರುವ ಹೆಸರು) ಹುಟ್ಟುವುದೇ ಇಲ್ಲ.

ಮೊದಲು ಎಲ್‌ಎಲ್‌ವಿಎಂ ಐಆರ್‌ನಿಂದಲೇ (ಕ್ಲ್ಯಾಂಗ್ ಹುಟ್ಟಿಸುವ ಮಧ್ಯಂತರ ಕೋಡ್) ಹೆಸರು ಹೆಕ್ಕಿದೆ, ವಾರವೇ ಹಾಳಾಯಿತು. ಮ್ಯಾಕ್‌ನ ಮುಂದಿನ ಹೆಚ್ಚುವರಿ ಅಂಡರ್‌ಸ್ಕೋರ್ ಐಆರ್‌ನಲ್ಲಿ ಕಾಣುವುದಿಲ್ಲ, ಆಬ್ಜೆಕ್ಟ್ ಫೈಲಿನಲ್ಲೇ ಸೇರುವುದು. ಆಬ್ಜೆಕ್ಟ್ ಮಾಡಿ, ಸಿಂಬಲ್ ಪಟ್ಟಿ ಕೊಡುವ ಎಲ್‌ಎಲ್‌ವಿಎಂ-ಎನ್‌ಎಂ ಓಡಿಸಿ, ಡಿಮ್ಯಾಂಗಲ್ ಮಾಡದೆ (ಓದುವ ರೂಪಕ್ಕೆ ತಿರುಗಿಸದೆ) ಕಚ್ಚಾ ಹೆಸರನ್ನೇ ಡಿಫ್ ಮಾಡಿ, ಅಂದರೆ ಹೋಲಿಸಿ ವ್ಯತ್ಯಾಸ ನೋಡಿ.

ಕೈಕೊಡುವ ಜಾಗಗಳು: ಸೈಜ್-ಟಿ ಲಿನಕ್ಸ್ 64ರಲ್ಲಿ 'ಎಂ', 32ರಲ್ಲಿ 'ಜೆ', ಮಿನ್‌ಜಿಡಬ್ಲ್ಯು 64ರಲ್ಲಿ 'ವೈ'. ಮೂರೂ ಇಟೇನಿಯಂ ನಿಯಮವೇ (ಎಂಎಸ್‌ವಿಸಿ ಬಿಟ್ಟು ಉಳಿದ ನಾಲ್ಕೂ ಅನುಸರಿಸುವ ಮ್ಯಾಂಗ್ಲಿಂಗ್ ಪದ್ಧತಿ), ಆದರೂ ಅಕ್ಷರ ಬೇರೆ. ಎಂಎಸ್‌ವಿಸಿ ಸ್ಟ್ರಕ್ಟಿಗೆ 'ಯು', ಕ್ಲಾಸಿಗೆ 'ವಿ' ಬರೆಯುತ್ತದೆ. ಫಾರ್ವರ್ಡ್ ಡಿಕ್ಲರೇಶನ್ನಿನಲ್ಲಿ ಕ್ಲಾಸ್ ಎಂದು, ಡೆಫಿನಿಶನ್ನಿನಲ್ಲಿ ಸ್ಟ್ರಕ್ಟ್ ಎಂದು ಬರೆದರೆ ಅಲ್ಲಿ ಲಿಂಕ್ ಎರರ್ ಬರಬಹುದು, ಲಿನಕ್ಸಿನಲ್ಲಿ ಸದ್ದೇ ಇಲ್ಲ. ಎಂಎಸ್‌ವಿಸಿಯಲ್ಲೇ ಪ್ಯಾರಾಮೀಟರನ್ನು ಅರೇ ಎಂದು ಬರೆದರೆ 'ಕ್ಯೂ', ಪಾಯಿಂಟರ್ ಎಂದರೆ 'ಪಿ'. ರಿಟರ್ನ್ ಟೈಪ್ ಬದಲಾದದ್ದೂ ಸಾಮಾನ್ಯ ಫಂಕ್ಷನ್ನಿನಲ್ಲಿ ಎಂಎಸ್‌ವಿಸಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಲಿನಕ್ಸ್‌ಗೇ ಬರೆಯುವವರೂ ಎಂಎಸ್‌ವಿಸಿ ಟಾರ್ಗೆಟ್ ಇಟ್ಟುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸಿಗ್ನೇಚರ್ ಜೋಡಿಗಳನ್ನು ಹೆಣೆಯುವ ನನ್ನ ಕ್ರಮ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಪಕ್ಕದಲ್ಲೇ ಇನ್ನೆರಡು ಪ್ರಯೋಗ. ನೋ-ಎಕ್ಸೆಪ್ಟ್ (ಎಕ್ಸೆಪ್ಶನ್ ಎಸೆಯುವುದಿಲ್ಲ ಎಂಬ ಗುರುತು) ಫಂಕ್ಷನ್ ಪಾಯಿಂಟರ್ ತೆಗೆದುಕೊಳ್ಳುವ ಫಂಕ್ಷನ್ನನ್ನು ಸಿ ಪ್ಲಸ್ ಪ್ಲಸ್ 14, 17 ಎರಡರಲ್ಲೂ ಕಂಪೈಲ್ ಮಾಡಿದೆ: 17ರಲ್ಲಿ ಇಟೇನಿಯಂ ಹೆಸರಿಗೆ 'ಡಿಒ' ಸೇರಿಕೊಳ್ಳುತ್ತದೆ, ಹಳೆಯ ಲೈಬ್ರರಿ ಲಿಂಕ್ ಆಗುವುದಿಲ್ಲ. ಇನ್ನೊಂದು, ಟೆಂಪ್ಲೇಟ್ ಒಳಗೆ ಟೆಂಪ್ಲೇಟ್ ತುರುಕಿ ಹೆಸರು ಉದ್ದ ಮಾಡಿದ್ದು. 4096 ಅಕ್ಷರ ದಾಟಿದರೆ ಎಂಎಸ್‌ವಿಸಿ ಪದ್ಧತಿಯಲ್ಲಿ ಹೆಸರೇ ಮಾಯ, ಎಂಡಿ5 ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಉಳಿಯುತ್ತದೆ. ಅದರಿಂದ ಮೂಲ ಸಿಗ್ನೇಚರ್ ಮರಳಿ ಬರುವುದಿಲ್ಲ. ಡಿಫ್ ಫೈಲಿನ ಪ್ರತಿ ಸಾಲಿನ ಪಕ್ಕ ಮೂಲ ಸಿಗ್ನೇಚರನ್ನೂ ಬರೆದಿಡಿ.