ಹೆಬ್ರಿಯ ಕಾಡಂಚಿನಲ್ಲಿ ದೊಡ್ಡ ಗೂಬೆಯನ್ನು ಗುರುತಿಸುವ ಬಗೆ

ಉಡುಪಿ ಜಿಲ್ಲೆಯ ಹೆಬ್ರಿ, ಸೋಮೇಶ್ವರಗಳ ಘಟ್ಟದ ಬುಡದ ದಟ್ಟ ಕಾಡಿನಲ್ಲಿ, ಹೊಟ್ಟೆಯ ಮೇಲೆ ಕಪ್ಪು ಚುಕ್ಕೆಗಳಿರುವ ದೊಡ್ಡ ಗೂಬೆಯನ್ನು (ಸ್ಪಾಟ್-ಬೆಲ್ಲಿಡ್ ಈಗಲ್ ಔಲ್) ಅರಸುವವರು ಕಣ್ಣಿಗಿಂತ ಮೊದಲು ಕಿವಿಯನ್ನು ನೆಚ್ಚಬೇಕು. ಕತ್ತಲಾದ ಬಳಿಕ ಕಾಡಿನೊಳಗೆ ನುಗ್ಗದೆ, ಊರದಾರಿಯ ಬದಿಯಲ್ಲೇ ಸದ್ದಿಲ್ಲದೆ ನಿಂತು, ಆಳವಾದ ಹೂಂಕಾರವನ್ನೋ, ಯಾರೋ ಗೋಳಿಟ್ಟಂತೆ ಏರಿ ಇಳಿಯುವ ಚೀತ್ಕಾರವನ್ನೋ ಆಲಿಸಿರಿ; ಕೂಗಿದರೆ ಸಾವಿನ ಸೂಚನೆ ಎನ್ನಲಾಗುವ ಶ್ರೀಲಂಕಾದ ‘ದೆವ್ವದ ಹಕ್ಕಿ’ಯ ನಂಬಿಕೆಗೆ ಈ ಕೂಗೇ ಮೂಲವೆಂದು ಹಲವರು ಭಾವಿಸುತ್ತಾರೆ.

ಹಕ್ಕಿ ಕಂಡರೆ ಕಣ್ಣನ್ನೇ ನೋಡಿರಿ: ಹೊಳೆಬದಿಯ ಮೀನುಗೂಬೆಯದು ಹಳದಿ, ಇದರದು ಕಡುಕಂದು. ಮೀನುಗೂಬೆಯ ಕಾಲು ಬೋಳು. ಇದರ ಕಾಲಿಗೆ ದಟ್ಟ ಪುಕ್ಕದ ಹೊದಿಕೆಯಿದೆ. ಮೈ ಸುಮಾರು 60 ಸೆಂ.ಮೀ., ಕಿವಿಗರಿಗಳು ಪಕ್ಕಕ್ಕೆ ಚಾಚಿರುತ್ತವೆ.

ಇದು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವುದರಿಂದ, ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿ ಕರೆಯುವುದಾಗಲಿ, ಗೂಡಿರುವ ಪೊಟರೆಗೆ ಫ್ಲ್ಯಾಶ್ ಹಾಯಿಸುವುದಾಗಲಿ ಖಂಡಿತ ಬೇಡ.